ಸಣ್ಣ ವಿಮಾನದಲ್ಲಿ ಸ್ಕಾಟ್ಲೆಂಡಿನ ಗಾಳಿ ದ್ವೀಪಗಳಿಗೆ: ಹೊರಡುವ ಮುಂಚೆ ಏನೇನು ಬೇಕು, ಹೇಗೆ ಹೋಗಬೇಕು

ಬ್ರಿಟನ್ನಿನಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಮಾಡಿಕೊಂಡ ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಬೀಚ್ ಮೇಲೆ ವಿಮಾನ ಇಳಿಯೋ ದ್ವೀಪ ಇದೆಯಂತಲ್ಲ, ಅಲ್ಲಿಗೆ ನಾವೇ ಹಾರಿಸಿಕೊಂಡು ಹೋಗಬಹುದಾ?" ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಕಲಿತು ಇತ್ತ ಬಂದವರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಹೋಗಬಹುದು. ಆ ದ್ವೀಪದ ಹೆಸರು ಬ್ಯಾರಾ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿರುವ ಔಟರ್ ಹೆಬ್ರಿಡೀಸ್ ದ್ವೀಪಸಾಲಿಗೆ ಸೆಸ್ನಾ 172ರಂಥ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನ ಸಾಕು. ದೂರವೂ ಜಾಸ್ತಿ ಇಲ್ಲ. ಮುಖ್ಯ ಭೂಭಾಗದ ಓಬನ್‌ನಿಂದ ಟೈರೀ ದ್ವೀಪಕ್ಕೆ ಸುಮಾರು 50 ನಾಟಿಕಲ್ ಮೈಲಿ, ಟೈರೀಯಿಂದ ಬ್ಯಾರಾಗೆ 37, ಬ್ಯಾರಾದಿಂದ ಬೆನ್‌ಬೆಕ್ಯುಲಾಗೆ 28, ಅಲ್ಲಿಂದ ಸ್ಟೋರ್ನೊವೇಗೆ 55. (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್. ಮುಂದೆ ಬರೀ ಮೈಲಿ ಅಂದರೂ ಇದೇ. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗವನ್ನು ಒಂದು ನಾಟ್ ಅನ್ನುತ್ತಾರೆ.) ದೂರ ಕಡಿಮೆ ಅಂತ ತಯಾರಿ ಕಡಿಮೆ ಮಾಡಬೇಡಿ. ಕೆಳಗೆ ತಣ್ಣನೆಯ ಸಮುದ್ರ, ಸುತ್ತಲೂ ಗಾಳಿ. ಎರಡಕ್ಕೂ ಲೆಕ್ಕ ಹಾಕಿಯೇ ಹೊರಡಬೇಕು.

1. ಮೊದಲು ಲೈಸೆನ್ಸ್, ವಿಮಾನ, ವಿಮೆ

ಬ್ರಿಟಿಷ್ ಲೈಸೆನ್ಸ್ ಇದ್ದವರಿಗೆ ಹೊಸದೇನೂ ಬೇಕಿಲ್ಲ. ಭಾರತದ ಲೈಸೆನ್ಸ್ ಮಾತ್ರ ಇದ್ದವರು ಅದನ್ನೇ ತೋರಿಸಿ ಬಾಡಿಗೆ ವಿಮಾನ ತೆಗೆದುಕೊಂಡು ಹೊರಡಬಹುದು ಅಂದುಕೊಳ್ಳಬೇಡಿ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ, ಅಂದರೆ ಸಿಎಎ, ನಿಮ್ಮ ಲೈಸೆನ್ಸನ್ನು ಯಾವ ಷರತ್ತಿನಲ್ಲಿ ಒಪ್ಪುತ್ತದೆ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಇದಕ್ಕಿಂತ ಸುಲಭದ ದಾರಿಯೂ ಇದೆ. ಸ್ಕಾಟ್ಲೆಂಡಿನ ಯಾವುದಾದರೂ ಫ್ಲೈಯಿಂಗ್ ಕ್ಲಬ್ಬಿನ ಇನ್‌ಸ್ಟ್ರಕ್ಟರ್ ಜೊತೆ ಹೋಗಿ. ವಿಮಾನದ ಹೊಣೆ ಅವರದು, ಹಾರಿಸುವ ಕೈ ನಿಮ್ಮದು. ಬ್ರಿಟಿಷ್ ಲೈಸೆನ್ಸ್ ಇದ್ದವರಿಗೂ ಮೊದಲ ಸಲಕ್ಕೆ ನಾನು ಇದನ್ನೇ ಹೇಳುತ್ತೇನೆ. ಈ ದ್ವೀಪಗಳ ಗಾಳಿಯನ್ನು ಬಲ್ಲವರು ಪಕ್ಕದಲ್ಲಿದ್ದರೆ ಒಂದೇ ದಿನದಲ್ಲಿ ಕಲಿಯುವುದು ಬಹಳ ಇರುತ್ತದೆ.

ಕ್ಲಬ್ ವಿಮಾನವಾದರೆ ಎರಡು ಪ್ರಶ್ನೆ ಕೇಳಲೇಬೇಕು. ಮರಳಿನ ಮೇಲೆ ಇಳಿಸಲು ಒಪ್ಪುತ್ತೀರಾ? ಅದಕ್ಕೆ ವಿಮೆ ಇದೆಯಾ? ಉಪ್ಪುನೀರು ಲೋಹವನ್ನು ತಿನ್ನುತ್ತದೆ, ಹಾಗಾಗಿ ಕೆಲವರು ಬೇಡ ಅನ್ನುತ್ತಾರೆ. ಬೇಡ ಅಂದರೆ ಬ್ಯಾರಾ ಬಿಟ್ಟು ಉಳಿದ ಮೂರು ಕಡೆ ಹೋಗಿ. ಅಲ್ಲೆಲ್ಲ ಗಟ್ಟಿ ರನ್‌ವೇ ಇದೆ.

ತೂಕದ ವಿಷಯದಲ್ಲೂ ಬಹಳ ಜನ ಎಡವುತ್ತಾರೆ. ನಾಲ್ಕು ಸೀಟಿದೆ ಅಂತ ನಾಲ್ಕು ಜನ ದೊಡ್ಡವರು, ಟ್ಯಾಂಕ್ ತುಂಬ ಇಂಧನ, ಲೈಫ್ ರಾಫ್ಟ್ (ಗಾಳಿ ತುಂಬುವ ರಕ್ಷಣಾ ತೆಪ್ಪ), ಬ್ಯಾಗು ಎಲ್ಲವನ್ನೂ 172 ಹೊರುವುದಿಲ್ಲ. ದ್ವೀಪಗಳಿಗೆ ಇಬ್ಬರು, ಹೆಚ್ಚೆಂದರೆ ಮೂವರು.

2. ತಿಂಗಳು, ಅನುಮತಿ, ಇಂಧನ

ಮೇ ಮತ್ತು ಜೂನ್ ಒಳ್ಳೆಯ ತಿಂಗಳು. ಮಳೆ ಕಡಿಮೆ, ಬೆಳಕು ಜಾಸ್ತಿ. ಜೂನ್ ಕೊನೆಯಲ್ಲಿ ಸ್ಟೋರ್ನೊವೇದಲ್ಲಿ ಹಗಲು ಸುಮಾರು 18 ಗಂಟೆ. ಸೆಪ್ಟೆಂಬರ್ ದಾಟಿದ ಮೇಲೆ ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೊಂದು ವಾಯುಭಾರ ಕುಸಿತ ಬರುತ್ತಲೇ ಇರುತ್ತದೆ. ಆಗ ಬೇಡ.

ಬಹುತೇಕ ದ್ವೀಪಗಳ ವಿಮಾನ ನಿಲ್ದಾಣಗಳಿಗೆ ಪಿಪಿಆರ್ ಬೇಕು. ಹಾಗೆಂದರೆ ಮುಂಗಡ ಅನುಮತಿ. ಫೋನ್ ಮಾಡಿ ಬರುವ ಸಮಯ ಹೇಳಿ, ಅವರು ಒಪ್ಪಿದ ಮೇಲೆ ಹೊರಡಬೇಕು. ಇದು ಬರೀ ಔಪಚಾರಿಕತೆ ಅಲ್ಲ. ಈ ನಿಲ್ದಾಣಗಳು ಇಡೀ ದಿನ ತೆರೆದಿರುವುದಿಲ್ಲ. ನಿಗದಿತ ಪ್ರಯಾಣಿಕ ವಿಮಾನ ಬಂದುಹೋಗುವ ಹೊತ್ತಿಗೆ ಮಾತ್ರ ಸಿಬ್ಬಂದಿ ಇರುವುದುಂಟು. ಭಾನುವಾರದ ವೇಳೆಯಂತೂ ಬೇರೆಯೇ. ಫೋನ್ ಮಾಡಿದಾಗ ವಿಮಾನ ನಿಲ್ಲಿಸುವ ಜಾಗ, ಶುಲ್ಕ, ಇಂಧನ ಮೂರನ್ನೂ ಕೇಳಿ.

ಇಂಧನದ್ದು ದೊಡ್ಡ ವಿಷಯ. ಸಣ್ಣ ಪಿಸ್ಟನ್ ಎಂಜಿನ್ನಿಗೆ ಬೇಕಾದ್ದು ಏವ್‌ಗ್ಯಾಸ್. ಜೆಟ್ ಮತ್ತು ಟರ್ಬೊಪ್ರಾಪ್ ವಿಮಾನಗಳಿಗೆ ಹಾಕುವ ಇಂಧನ ಬೇರೆ, ಅದು ನಮಗೆ ಆಗುವುದಿಲ್ಲ. ಓಬನ್ ಮತ್ತು ಸ್ಟೋರ್ನೊವೇಗಳನ್ನು ನೆಚ್ಚಿಕೊಂಡು ಯೋಜನೆ ಮಾಡುವುದು ರೂಢಿ. ಬ್ಯಾರಾದಲ್ಲಿ ಸಿಗುತ್ತದೆ ಅಂತ ಹೊರಡಲೇಬೇಡಿ. ಎದುರುಗಾಳಿಯ ಲೆಕ್ಕವನ್ನೂ ಸೇರಿಸಿ. ನಿಮ್ಮ ವಿಮಾನದ ವೇಗ 100 ನಾಟ್ ಇದ್ದು, 30 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 70. ಬೆನ್‌ಬೆಕ್ಯುಲಾದಿಂದ ಸ್ಟೋರ್ನೊವೇಗೆ 33 ನಿಮಿಷದ ದಾರಿ 47 ನಿಮಿಷವಾಗುತ್ತದೆ. ದ್ವೀಪಕ್ಕೆ ಹೋಗಿ, ಇಳಿಯಲಾಗದೆ, ಮುಖ್ಯ ಭೂಭಾಗಕ್ಕೆ ಮರಳಿ, ಮೇಲೆ ಇನ್ನೂ ಒಂದು ಗಂಟೆ ಹಾರುವಷ್ಟು ಉಳಿಯಬೇಕು. ನನ್ನ ಪ್ರಕಾರ ಇದಕ್ಕಿಂತ ಕಡಿಮೆ ಇಟ್ಟುಕೊಂಡು ಹೊರಡಬಾರದು.

3. ನೀರಿನ ಮೇಲಿನ ದಾರಿಯನ್ನು ಆರಿಸುವುದು

ನಕ್ಷೆ ತೆಗೆದು ಗೆರೆ ಎಳೆಯುವ ಮೊದಲು ಒಂದು ಅಂಕಿ ಬೇಕು. ಎಂಜಿನ್ ನಿಂತರೆ ವಿಮಾನ ಗಾಳಿಯಲ್ಲಿ ಎಷ್ಟು ದೂರ ತೇಲಿಕೊಂಡು ಹೋಗುತ್ತದೆ? ಸೆಸ್ನಾ 172ಕ್ಕೆ, ಗಾಳಿ ಇಲ್ಲದಾಗ, ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1.5 ನಾಟಿಕಲ್ ಮೈಲಿ.

ಈಗ ಟೈರೀಯಿಂದ ಬ್ಯಾರಾಗೆ ನೇರ ದಾರಿ ನೋಡಿ. ಮಧ್ಯೆ ಇಳಿಯಲು ನೆಲವೇ ಇಲ್ಲ. ನಡುನೀರಿನಲ್ಲಿ ಎರಡೂ ದಡ ಸುಮಾರು 15 ಮೈಲಿ ದೂರ. ತೇಲಿ ದಡ ಸೇರಬೇಕಾದರೆ 10,000 ಅಡಿ ಎತ್ತರದಲ್ಲಿರಬೇಕು. ಇಲ್ಲಿನ ಮೋಡಗಳು ಅಷ್ಟು ಎತ್ತರಕ್ಕೆ ಬಿಡುವ ದಿನ ಅಪರೂಪ.

ಇನ್ನೊಂದು ದಾರಿ ಇದೆ, ಸ್ವಲ್ಪ ಸುತ್ತು. ಓಬನ್‌ನಿಂದ ಉತ್ತರಕ್ಕೆ ಕರಾವಳಿ ಹಿಡಿದು ಸ್ಕೈ ದ್ವೀಪಕ್ಕೆ ಹೋಗಿ. ಸ್ಕೈನ ಪಶ್ಚಿಮ ತುದಿಯಲ್ಲಿ ನೀಸ್ಟ್ ಪಾಯಿಂಟ್ ಎಂಬ ದೀಪಸ್ತಂಭದ ಭೂಶಿರವಿದೆ. ಅಲ್ಲಿಂದ ಎದುರಿನ ಯೂಯಿಸ್ಟ್ ದ್ವೀಪಗಳಿಗೆ ನೀರು ಬರೀ 14 ಮೈಲಿಯಷ್ಟು. ನಡುಮಧ್ಯೆ 7 ಮೈಲಿ. 5000 ಅಡಿಯಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ. ಆಮೇಲೆ ದ್ವೀಪಸಾಲಿನ ಉದ್ದಕ್ಕೂ ದಕ್ಷಿಣಕ್ಕೆ ಬಂದರೆ ಬ್ಯಾರಾ. ಎದುರುಗಾಳಿ ಜೋರಿದ್ದರೆ ಎದುರಿನ ದಡ ಇನ್ನೂ ದೂರವಾಗುತ್ತದೆ, ಬೆನ್ನ ಹಿಂದಿನ ದಡ ಹತ್ತಿರವಾಗುತ್ತದೆ. ಎಂಜಿನ್ ಕೆಟ್ಟರೆ ಯಾವ ಬಿಂದುವಿನ ತನಕ ಹಿಂದಿರುಗಬೇಕು, ಎಲ್ಲಿಂದ ಮುಂದಕ್ಕೆ ಹೋಗಬೇಕು ಎಂದು ನೆಲದಲ್ಲಿರುವಾಗಲೇ ಗುರುತು ಹಾಕಿ.

ಸ್ಕೈನಲ್ಲಿ ಕೂಲಿನ್ ಬೆಟ್ಟಗಳಿವೆ. ಅವುಗಳ ವಿಷಯ ಐದನೇ ಹಂತದಲ್ಲಿ ಹೇಳುತ್ತೇನೆ. ಅದನ್ನು ಓದದೆ ಈ ದಾರಿ ಹಿಡಿಯಬೇಡಿ.

ಯೂಯಿಸ್ಟ್ ದ್ವೀಪಗಳ ಪಶ್ಚಿಮಕ್ಕೆ ಹೆಬ್ರಿಡೀಸ್ ಕ್ಷಿಪಣಿ ಪರೀಕ್ಷಾ ವಲಯ ಇದೆ. ನಕ್ಷೆಯಲ್ಲಿ ಡಿ701 ಎಂದು ಗುರುತು ಹಾಕಿರುತ್ತಾರೆ. ಡಿ ಎಂದರೆ ಅಪಾಯದ ವಲಯ. ಅದು ಯಾವ ದಿನ, ಯಾವ ಹೊತ್ತು ಚಾಲೂ ಇರುತ್ತದೆ ಎಂಬುದು ನೋಟಾಮ್‌ನಲ್ಲಿ ಬರುತ್ತದೆ. ನೋಟಾಮ್ ಎಂದರೆ ಪೈಲಟ್‌ಗಳಿಗೆ ಕೊಡುವ ತಾತ್ಕಾಲಿಕ ಸೂಚನೆ. ಹಿಂದಿನ ರಾತ್ರಿ ನೋಡಿದ್ದು ಸಾಲದು, ಹೊರಡುವ ಬೆಳಿಗ್ಗೆ ಮತ್ತೆ ನೋಡಿ.

4. ನೀರಿಗೆ ಬಿದ್ದರೆ?

ಈ ಪ್ರಶ್ನೆಯನ್ನು ತಳ್ಳಿಹಾಕುವವರು ಹೊರಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಹೆಬ್ರಿಡೀಸ್ ಸುತ್ತಲಿನ ಸಮುದ್ರ ಬೇಸಿಗೆಯ ಕೊನೆಯಲ್ಲೂ 13-14 ಡಿಗ್ರಿ ಸೆಲ್ಸಿಯಸ್ ಮಾತ್ರ. ಮೇ ತಿಂಗಳಲ್ಲಿ ಇನ್ನೂ ತಣ್ಣಗೆ. ನಮ್ಮ ಮಲ್ಪೆ, ಕಾರವಾರದ ಕಡಲಿನಲ್ಲಿ ಈಜಿದ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗದು. ಹತ್ತು ನಿಮಿಷದ ಆಸುಪಾಸಿನಲ್ಲಿ ಬೆರಳು, ಕೈ ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಈಜು ಬರುವುದಾ ಇಲ್ಲವಾ ಅನ್ನುವುದು ಆಮೇಲಿನ ಮಾತು.

ಬೇಕಾದ ಸಾಮಾನು ಇಷ್ಟು: ಎಲ್ಲರಿಗೂ ಲೈಫ್ ಜಾಕೆಟ್, ನೀರು ಒಳಗೆ ಬಿಡದ ಇಮ್ಮರ್ಶನ್ ಸೂಟ್, ಒಂದು ಲೈಫ್ ರಾಫ್ಟ್, ಮತ್ತು ಪಿಎಲ್‌ಬಿ. ಪಿಎಲ್‌ಬಿ ಅಂದರೆ ಉಪಗ್ರಹಕ್ಕೆ ನಿಮ್ಮ ಜಾಗ ತಿಳಿಸುವ ಅಂಗೈ ಗಾತ್ರದ ಸಾಧನ. ಅದು ಬ್ಯಾಗಿನಲ್ಲಿ ಬೇಡ, ಮೈಮೇಲಿರಲಿ. ರಾಫ್ಟ್ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವ ಹಾಗೆ ಸೀಟಿನ ಮೇಲಿರಲಿ.

ಲೈಫ್ ಜಾಕೆಟ್ ಕೊಳ್ಳುವಾಗ ಒಂದು ಅಪಾಯಕಾರಿ ತಪ್ಪು ಆಗುತ್ತದೆ. ದೋಣಿಯವರು ಬಳಸುವ, ನೀರು ತಾಗಿದ ಕೂಡಲೇ ತಾನಾಗಿ ಉಬ್ಬುವ ಜಾಕೆಟ್ ತರುತ್ತಾರೆ. ವಿಮಾನಕ್ಕೆ ಅದು ಬೇಡವೇ ಬೇಡ. ಕ್ಯಾಬಿನ್ನಿಗೆ ನೀರು ನುಗ್ಗಿದಾಗ ಜಾಕೆಟ್ ಒಳಗೇ ಉಬ್ಬಿದರೆ ನೀವು ಚಾವಣಿಗೆ ಒತ್ತಿಕೊಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ದಾರ ಎಳೆದರೆ ಮಾತ್ರ ಉಬ್ಬುವಂಥದ್ದೇ ತನ್ನಿ. ಜೊತೆಗಿರುವವರಿಗೂ ಹೇಳಿ: ಹೊರಗೆ ಬಂದ ಮೇಲೆ ಎಳೆಯಬೇಕು, ಮುಂಚೆ ಅಲ್ಲ. ನೀರಿನ ಮೇಲೆ ಇಳಿಸಲೇಬೇಕಾಗಿ ಬಂದರೆ ಬಾಗಿಲನ್ನು ಮೊದಲೇ ಸ್ವಲ್ಪ ತೆರೆದಿಡಬೇಕು, ದೊಡ್ಡ ಅಲೆಗಳ ಸಾಲಿಗೆ ಸಮಾನಾಂತರವಾಗಿ ಇಳಿಸಬೇಕು. ಇದೆಲ್ಲ ಬಾಯಿಮಾತಿನಲ್ಲಿ ಕಲಿಯುವ ವಿಷಯ ಅಲ್ಲ. ಈಜುಕೊಳದಲ್ಲಿ ನಡೆಸುವ ತರಬೇತಿ ಸಿಕ್ಕರೆ ಬಿಡಬೇಡಿ.

ಹೊರಡುವ ಮುಂಚೆ ಫ್ಲೈಟ್ ಪ್ಲಾನ್, ಅಂದರೆ ನಿಮ್ಮ ದಾರಿ, ಸಮಯ ತಿಳಿಸುವ ಪತ್ರ, ಸಲ್ಲಿಸಿ. ದಡದಿಂದ 10 ನಾಟಿಕಲ್ ಮೈಲಿಗಿಂತ ಆಚೆ ಹೋಗುವವರು ಸಲ್ಲಿಸಬೇಕೆಂದು ಬ್ರಿಟನ್ನಿನಲ್ಲಿ ಸಲಹೆ ಇದೆ. ನಾನು ನೀರು ದಾಟುವ ಎಲ್ಲರಿಗೂ ಹೇಳುತ್ತೇನೆ. ತೊಂದರೆ ಅನ್ನಿಸಿದ ಕೂಡಲೇ, ಇನ್ನೂ ಎತ್ತರ ಇರುವಾಗಲೇ, ರೇಡಿಯೊದಲ್ಲಿ ಹೇಳಿ. ಯಾರ ಜೊತೆ ಮಾತಾಡುತ್ತಿದ್ದೀರೋ ಅವರಿಗೇ ಹೇಳಿದರೂ ಆಯಿತು. ಯಾರೂ ಸಿಗದಿದ್ದರೆ ತುರ್ತು ಫ್ರೀಕ್ವೆನ್ಸಿ 121.5 ಮೆಗಾಹರ್ಟ್ಸ್. ಸ್ಟೋರ್ನೊವೇದಲ್ಲೇ ಕೋಸ್ಟ್‌ಗಾರ್ಡ್ ರಕ್ಷಣಾ ಹೆಲಿಕಾಪ್ಟರ್ ನೆಲೆ ಇದೆ. ನಿಮ್ಮ ಜಾಗ ಅವರಿಗೆ ಬೇಗ ಗೊತ್ತಾದಷ್ಟೂ ಒಳ್ಳೆಯದು.

5. ಗಾಳಿಯನ್ನು ಓದುವುದು

ಹವಾಮಾನಕ್ಕೆ ನೋಡಬೇಕಾದ್ದು ಮೆಟಾರ್ ಮತ್ತು ಟಾಫ್. ಮೆಟಾರ್ ಅಂದರೆ ನಿಲ್ದಾಣದಲ್ಲಿ ಈ ಹೊತ್ತಿನ ಹವೆ, ಟಾಫ್ ಅಂದರೆ ಮುಂದಿನ ಕೆಲವು ಗಂಟೆಗಳ ಮುನ್ಸೂಚನೆ. ಜೊತೆಗೆ ಬ್ರಿಟಿಷ್ ಮೆಟ್ ಆಫೀಸಿನ ಎರಡು ಚಾರ್ಟ್: 215ರಲ್ಲಿ ಮೋಡ, ಮಳೆ, ಗೋಚರತೆ, 214ರಲ್ಲಿ ಬೇರೆ ಬೇರೆ ಎತ್ತರದ ಗಾಳಿ. ಹೊಸಬರು ಮೆಟಾರ್‌ನಲ್ಲಿ ನೆಲದ ಗಾಳಿ 12 ನಾಟ್ ಎಂದು ನೋಡಿ ಸಮಾಧಾನಪಡುತ್ತಾರೆ. 2000 ಅಡಿಯಲ್ಲಿ ಅದೇ ಗಾಳಿ 30 ಇರಬಹುದು. 214 ನೋಡದೆ ಯಾವತ್ತೂ ಹೊರಡಬೇಡಿ.

ಯಾಕೆಂದರೆ ಬೆಟ್ಟ. ಸಮುದ್ರದ ಮೇಲೆ ಅಡೆತಡೆ ಇಲ್ಲದೆ ಬಂದ ಗಾಳಿ ದ್ವೀಪದ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ಆಚೆ ಬದಿಯಲ್ಲಿ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದ ತುಂಗೆಯಲ್ಲಿ ನೀರು ಬಂಡೆ ದಾಟಿದ ಮೇಲೆ ಹಿಂಬದಿಯಲ್ಲಿ ಸುಳಿ ಏಳುತ್ತಲ್ಲ, ಹಾಗೇ ಬೆಟ್ಟದ ಮರೆಯಲ್ಲಿ ಗಾಳಿ ಸುಳಿ ಸುತ್ತುತ್ತದೆ. ವ್ಯತ್ಯಾಸ ಇಷ್ಟೇ, ಈ ಸುಳಿ ಕಣ್ಣಿಗೆ ಕಾಣುವುದಿಲ್ಲ. ಸ್ಕೈನ ಕೂಲಿನ್ ಸಾಲು 900 ಮೀಟರ್ ದಾಟುತ್ತದೆ, ಮಲ್ ದ್ವೀಪದ ಬೆನ್ ಮೋರ್ 966 ಮೀಟರ್. ಬ್ಯಾರಾದ ಹೀವಲ್ 383 ಮೀಟರ್ ಮಾತ್ರ, ಆದರೂ ಕುಲುಕಾಟಕ್ಕೆ ಅದು ಸಾಕು. ಗಾಳಿ ಬರುವ ಕಡೆ ಯಾವುದೋ ಆ ಬದಿಯಲ್ಲೇ ಹಾರಿ. ಮರೆಯ ಬದಿಗೆ ಹೋಗಲೇಬೇಕಾದರೆ ಬೆಟ್ಟದಿಂದ ಹಲವು ಮೈಲಿ ದೂರ, ಬೆಟ್ಟಕ್ಕಿಂತ ಸಾಕಷ್ಟು ಎತ್ತರ. 2000 ಅಡಿಯ ಗಾಳಿ 25 ನಾಟ್ ದಾಟಿದ ದಿನ ಸಣ್ಣ ವಿಮಾನದಲ್ಲಿ ಈ ದಾರಿ ಬೇಡ ಅಂತ ನಾನು ಹೇಳುತ್ತೇನೆ. ಅನುಭವಸ್ಥರು ಹೋಗುತ್ತಾರೆ. ನಿಮಗೂ ಆ ಅನುಭವ ಬರಲಿ, ಆಮೇಲೆ ಹೋಗಿ.

ಮೋಡದ ತಳ 1500 ಅಡಿಗೆ ಇಳಿದರೆ ನೀರು ದಾಟಬೇಡಿ. ಮೂರನೇ ಹಂತದ ಲೆಕ್ಕದ ಪ್ರಕಾರ ಅಲ್ಲಿಂದ ನೀವು ತೇಲುವುದು ಎರಡೇ ಮೈಲಿ ಚಿಲ್ಲರೆ.

ಇನ್ನು ಅಡ್ಡಗಾಳಿ. ರನ್‌ವೇ ಹೆಸರಿನಲ್ಲೇ ದಿಕ್ಕು ಇರುತ್ತದೆ: 25 ಅಂದರೆ 250 ಡಿಗ್ರಿ. ಗಾಳಿಯ ದಿಕ್ಕಿಗೂ ರನ್‌ವೇಗೂ 30 ಡಿಗ್ರಿ ಅಂತರ ಇದ್ದರೆ ಗಾಳಿಯ ಅರ್ಧ ಭಾಗ ಅಡ್ಡವಾಗಿ ಹೊಡೆಯುತ್ತದೆ. 45 ಇದ್ದರೆ ಸುಮಾರು ಮುಕ್ಕಾಲು, 60 ದಾಟಿದರೆ ಹೆಚ್ಚು ಕಡಿಮೆ ಪೂರ್ತಿ. ಸೆಸ್ನಾ 172ರ ಕೈಪಿಡಿಯಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ಅದು ಪರಿಣತ ಪೈಲಟ್ ತೋರಿಸಿದ್ದು. ಒಂದೇ ಸಲ ಬೀಸಿ ಹೋಗುವ ಜೋರುಗಾಳಿಯನ್ನೂ ಲೆಕ್ಕಕ್ಕೆ ಹಿಡಿದು, ನಿಮಗೆ ಈಚೆಗೆ ಅಭ್ಯಾಸ ಇರುವಷ್ಟಕ್ಕೇ ಮಿತಿ ಹಾಕಿಕೊಳ್ಳಿ.

ಎಂಜಿನ್ನಿಗೆ ಕಾರ್ಬ್ಯುರೇಟರ್ (ಗಾಳಿ, ಇಂಧನ ಬೆರೆಸುವ ಭಾಗ) ಇದ್ದರೆ ತೇವದ ಸಮುದ್ರಗಾಳಿಯಲ್ಲಿ ಅದರೊಳಗೆ ಮಂಜುಗಡ್ಡೆ ಕಟ್ಟುತ್ತದೆ, ಹೊರಗೆ 15 ಡಿಗ್ರಿ ಇದ್ದಾಗಲೂ. ಹತ್ತು ನಿಮಿಷಕ್ಕೊಮ್ಮೆ ಕಾರ್ಬ್ ಹೀಟ್, ಅಂದರೆ ಅದಕ್ಕೆ ಬಿಸಿಗಾಳಿ ಬಿಡುವ ಹಿಡಿ, ಎಳೆದು ನೋಡಿ. ಒಳಗೆ ಮಂಜು ಇದ್ದರೆ ಎಂಜಿನ್ ಮೊದಲು ಕೆಮ್ಮಿದ ಹಾಗೆ ಮಾಡುತ್ತದೆ. ಹೆದರಿ ಕೂಡಲೇ ಆಫ್ ಮಾಡಬೇಡಿ. ಮಂಜು ಕರಗುತ್ತಿದೆ ಅಂತ ಅದರ ಅರ್ಥ.

6. ಬ್ಯಾರಾ: ಮರಳಿನ ಮೇಲೆ ಇಳಿಯುವುದು

ಎಲ್ಲರೂ ಕೇಳುವ ಜಾಗ ಇದೇ. ದ್ವೀಪದ ಉತ್ತರದಲ್ಲಿ ಟ್ರಾಯ್ ವೋರ್ ಎಂಬ ಅಗಲವಾದ ಬೀಚ್. ನಿಗದಿತ ಪ್ರಯಾಣಿಕ ವಿಮಾನಗಳು ಭರತ-ಇಳಿತದ ಮರಳನ್ನೇ ರನ್‌ವೇ ಮಾಡಿಕೊಂಡಿರುವ ಜಾಗ ಪ್ರಪಂಚದಲ್ಲಿ ಇದೊಂದೇ ಎನ್ನುತ್ತಾರೆ. 1936ರಿಂದ ಇಲ್ಲಿ ವಿಮಾನ ಸೇವೆ ಇದೆ. ಮರಳಿನ ಮೇಲೆ ಮೂರು ರನ್‌ವೇ: 07/25, 11/29, 15/33 (ಒಂದೇ ರನ್‌ವೇಗೆ ಎರಡು ದಿಕ್ಕಿನಿಂದ ಎರಡು ಸಂಖ್ಯೆ). ತುದಿಗಳಲ್ಲಿ ಮರದ ಕಂಬಗಳು, ಅಷ್ಟೇ ಗುರುತು. ಎಲ್ಲಕ್ಕಿಂತ ಉದ್ದದ್ದು ಸುಮಾರು 850 ಮೀಟರ್. ಮೂರು ದಿಕ್ಕು ಇರುವುದರಿಂದ ಗಾಳಿ ಎಲ್ಲಿಂದ ಬಂದರೂ ಒಂದಲ್ಲ ಒಂದು ಹೊಂದುತ್ತದೆ. ಗಾಳಿ 240 ಡಿಗ್ರಿಯಿಂದ 20 ನಾಟ್ ಅಂದುಕೊಳ್ಳಿ. ರನ್‌ವೇ 25ಕ್ಕೆ ಅದು ಎದುರುಗಾಳಿ, ಅಡ್ಡಗಾಳಿ ನಾಲ್ಕು ನಾಟ್ ಕೂಡ ಇಲ್ಲ. ಅದೇ 33ಕ್ಕೆ ಪೂರ್ತಿ 20 ನಾಟ್ ಅಡ್ಡ.

ಭರತದಲ್ಲಿ ಮೂರೂ ರನ್‌ವೇ ನೀರಿನಡಿ. ದಿನಕ್ಕೆ ಎರಡು ಸಲ ಭರತ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ನಿಮ್ಮ ಸಮಯವನ್ನು ನೀವು ಹೇಳುವುದಲ್ಲ, ನಿಲ್ದಾಣದವರನ್ನು ಕೇಳುವುದು. ಎಷ್ಟು ಹೊತ್ತಿಗೆ ಇಳಿಯಬಹುದು, ಎಷ್ಟು ಹೊತ್ತಿನೊಳಗೆ ಮತ್ತೆ ಏರಬೇಕು, ಎರಡನ್ನೂ ಬರೆದುಕೊಳ್ಳಿ. ಊಟಕ್ಕೆ ಅಂತ ಇಳಿದು ಏರುವ ಹೊತ್ತು ದಾಟಿಸಿದರೆ ಮುಂದಿನ ಇಳಿತದ ತನಕ ಕಾಯಬೇಕು. ಅಷ್ಟರಲ್ಲಿ ಹವೆ ಬದಲಾಗಿರಬಹುದು.

ರೇಡಿಯೊದಲ್ಲಿ ಉತ್ತರಿಸುವವರು ಕಂಟ್ರೋಲರ್ ಅಲ್ಲ, ಮಾಹಿತಿ ಅಧಿಕಾರಿ. ಗಾಳಿ, ಒತ್ತಡ, ಬೀಚಿನ ಸ್ಥಿತಿ ಹೇಳುತ್ತಾರೆ. "ಇಳಿಯಬಹುದು" ಎಂದು ಆದೇಶ ಕೊಡುವುದಿಲ್ಲ. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಕಲಿತವರು ಆ ಮಾತಿಗೆ ಕಾಯುತ್ತಾ ಗಲಿಬಿಲಿಯಾಗುತ್ತಾರೆ. ಇಲ್ಲಿ ನಿರ್ಧಾರ ನಿಮ್ಮದು.

ಇಳಿಯುವಾಗ ಒಂದು ಮೋಸ ಇದೆ. ಒದ್ದೆ ಮರಳು ಕನ್ನಡಿಯ ಹಾಗೆ ಆಕಾಶವನ್ನು ತೋರಿಸುತ್ತದೆ, ಎತ್ತರ ಎಷ್ಟು ಉಳಿದಿದೆ ಅಂತ ಕಣ್ಣಿಗೆ ಅಂದಾಜು ಸಿಗುವುದಿಲ್ಲ. ಮುಂದಿನ ಮರಳನ್ನೇ ದಿಟ್ಟಿಸಬೇಡಿ. ಕಂಬ, ದಡ, ಟರ್ಮಿನಲ್ ಕಟ್ಟಡ ಇವುಗಳ ಮೇಲೆ ಕಣ್ಣಿಟ್ಟು, ಸ್ವಲ್ಪ ಪವರ್ ಉಳಿಸಿಕೊಂಡು ಮೆಲ್ಲಗೆ ಕೂರಿಸಿ. ಮೂತಿಚಕ್ರವನ್ನು ಆದಷ್ಟು ಹೊತ್ತು ಮೇಲಿಡಿ. ನಿಂತ ನೀರಿನ ಹೊಂಡಗಳನ್ನು ತಪ್ಪಿಸಿಕೊಂಡು ಹೋಗಿ, ಪ್ರೊಪೆಲರ್ ಎರಚುವ ಉಪ್ಪುನೀರು ಎಂಜಿನ್ನಿಗೆ ಒಳ್ಳೆಯದಲ್ಲ. ಮರಳಿನ ಮೇಲೆ ನಿಲ್ಲಬೇಡಿ. ಚಕ್ರ ಹೂತರೆ ಕಷ್ಟ. ಅವರು ತೋರಿಸಿದ ಜಾಗದ ತನಕ ಉರುಳುತ್ತಲೇ ಇರಿ. ಇದು ಊರಿನವರು ಚಿಪ್ಪು ಆಯುವ ಬೀಚ್ ಕೂಡ. ಗಾಳಿಚೀಲ ಏರಿಸಿ ನಿಲ್ದಾಣ ಚಾಲೂ ಇರುವಾಗ ಯಾರೂ ಮರಳಿಗೆ ಇಳಿಯುವಂತಿಲ್ಲ ಅಂತ ಫಲಕ ಇದೆ. ಆದರೂ ಇಳಿಯುವ ಮುಂಚೆ ಒಮ್ಮೆ ಮೇಲಿಂದ ನೋಡಿಕೊಳ್ಳಿ.

ಗಾಳಿ ಅಥವಾ ನೀರು ಬಿಡದಿದ್ದರೆ? ಬೆನ್‌ಬೆಕ್ಯುಲಾ 28 ಮೈಲಿ ಉತ್ತರಕ್ಕೆ, ಉದ್ದನೆಯ ಡಾಂಬರು ರನ್‌ವೇ. ಅಲ್ಲಿಗೂ ಮೊದಲೇ ಫೋನ್ ಮಾಡಿಟ್ಟಿರಿ.

7. ಹಕ್ಕಿ, ಸೇಂಟ್ ಕಿಲ್ಡಾ

"ಸೇಂಟ್ ಕಿಲ್ಡಾ ನೋಡಬಹುದಾ" ಅಂತಲೂ ಕೇಳುತ್ತಾರೆ. ಅದು ಒಂದು ಪುಟ್ಟ ದ್ವೀಪಸಮೂಹ. ನಾರ್ತ್ ಯೂಯಿಸ್ಟ್ ದ್ವೀಪದಿಂದ ಪಶ್ಚಿಮ-ವಾಯವ್ಯಕ್ಕೆ ಸುಮಾರು 65 ಕಿಲೋಮೀಟರ್, ತೆರೆದ ಸಾಗರ. ಅಲ್ಲಿ ರನ್‌ವೇ ಇಲ್ಲ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನ ತಾವೇ ಕೇಳಿಕೊಂಡು ದ್ವೀಪ ಬಿಟ್ಟರು. ಈಗ ಅದು ಕಡಲಹಕ್ಕಿಗಳ ನಾಡು, ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಸಮುದ್ರದಿಂದ ನೆಟ್ಟಗೆ ಎದ್ದಿರುವ ಸ್ಟ್ಯಾಕ್ ಆನ್ ಆರ್ಮಿನ್ ಬಂಡೆ 196 ಮೀಟರ್ ಎತ್ತರ. ನೋಡಬೇಕಾದ ಜಾಗ ಹೌದು. ಆದರೆ ಒಂದೇ ಎಂಜಿನ್ನಿನಲ್ಲಿ, ಮೊದಲ ಪ್ರವಾಸದಲ್ಲಿ ಬೇಡ. ದಾರಿ ಪೂರ್ತಿ ತೇಲಿ ದಡ ಸೇರಲಾಗದ ನೀರು, ಮೇಲಾಗಿ ಡಿ701 ವಲಯ. ಬೇಸಿಗೆಯಲ್ಲಿ ಹ್ಯಾರಿಸ್ ಮತ್ತು ಸ್ಕೈ ದ್ವೀಪಗಳಿಂದ ದೋಣಿಗಳು ಹೋಗುತ್ತವೆ. ಅದರಲ್ಲಿ ಹೋಗಿ.

ಎಲ್ಲೇ ಆಗಲಿ, ಏಪ್ರಿಲ್‌ನಿಂದ ಆಗಸ್ಟ್ ತನಕ ಹಕ್ಕಿ ಗೂಡುಕಟ್ಟುವ ಬಂಡೆಗಳ ಹತ್ತಿರ ಕೆಳಗೆ ಹಾರಬೇಡಿ. ಗ್ಯಾನೆಟ್ ಎಂಬ ಹಕ್ಕಿಯ ರೆಕ್ಕೆ ಬಿಚ್ಚಿದರೆ ಸುಮಾರು 1.8 ಮೀಟರ್. ಗಾಜಿಗೆ ಬಡಿದರೆ ನಿಮಗೂ ಅಪಾಯ. ಅದಕ್ಕಿಂತ ಮುಖ್ಯ, ಹೆದರಿ ಎದ್ದ ತಾಯಿಹಕ್ಕಿಗಳ ಕೆಳಗಿರುವ ಮೊಟ್ಟೆ, ಮರಿ ಬಂಡೆಯಿಂದ ಉರುಳುತ್ತವೆ.

8. ಲೈಸೆನ್ಸ್ ಇಲ್ಲದವರಿಗೆ

ಗ್ಲಾಸ್ಗೋದಿಂದ ಬ್ಯಾರಾಗೆ ಲೋಗನ್‌ಏರ್‌ನ 19 ಸೀಟಿನ ಟ್ವಿನ್ ಆಟರ್ ಹೋಗುತ್ತದೆ, ಅದೇ ಮರಳಿನ ಮೇಲೆ ಇಳಿಯುತ್ತದೆ. ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಕರ್ಕ್‌ವಾಲ್‌ನಿಂದ ಐಲ್ಯಾಂಡರ್ ಎಂಬ ಪುಟ್ಟ ವಿಮಾನ ಹತ್ತಿದರೆ ಪೈಲಟ್ ಪಕ್ಕದ ಸೀಟೂ ಸಿಗಬಹುದು. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿಲೋಮೀಟರ್, ಎರಡು ನಿಮಿಷದೊಳಗಿನ ಹಾರಾಟ. ಪ್ರಪಂಚದ ಅತಿ ಚಿಕ್ಕ ನಿಗದಿತ ವಿಮಾನಯಾನ ಅದು. ಇಳಿದ ಮೇಲೆ ನ್ಯಾಪ್ ಆಫ್ ಹೋವರ್ ನೋಡದೆ ಬರಬೇಡಿ, 5000 ವರ್ಷಕ್ಕಿಂತ ಹಳೆಯ ಕಲ್ಲಿನ ಮನೆ. ಈ ವಿಮಾನಗಳಲ್ಲಿ ಲಗೇಜಿನ ಮಿತಿ ಬಿಗಿ, ಹವೆ ಕೆಟ್ಟರೆ ರದ್ದಾಗುತ್ತವೆ. ಮರುದಿನವೇ ಭಾರತಕ್ಕೆ ವಿಮಾನ ಇಟ್ಟುಕೊಳ್ಳಬೇಡಿ.

9. ಇಳಿದ ಮೇಲೆ

ಗಾಳಿಗೆ ಮೂತಿ ಮಾಡಿ ನಿಲ್ಲಿಸಿ. ಬಾಗಿಲು ತೆರೆಯುವಾಗ ಎರಡೂ ಕೈಯಲ್ಲಿ ಹಿಡಿಯಿರಿ, ಇಲ್ಲಿನ ಗಾಳಿ ಬಾಗಿಲನ್ನು ಕೀಲಿನಿಂದಲೇ ಕಿತ್ತುಬಿಡಬಲ್ಲದು. ಹಗ್ಗ, ಗೂಟ, ಚಕ್ರಕ್ಕೆ ಇಡುವ ಕಟ್ಟೆ, ಕಂಟ್ರೋಲ್ ಲಾಕ್ (ರೆಕ್ಕೆ, ಬಾಲದ ಚಲಿಸುವ ಭಾಗಗಳು ಗಾಳಿಗೆ ಬಡಿದಾಡದಂತೆ ಹಿಡಿಯುವ ಬೀಗ) ನೀವೇ ತನ್ನಿ. ರಾತ್ರಿ ಉಳಿಯುವುದಾದರೆ ಸಂಜೆ ಶಾಂತವಾಗಿದ್ದರೂ ಕಟ್ಟಿಯೇ ಹೋಗಿ.

ಫ್ಲೈಟ್ ಪ್ಲಾನ್‌ನಲ್ಲಿ ಹೆಸರು ಕೊಟ್ಟ ಜವಾಬ್ದಾರಿಯ ವ್ಯಕ್ತಿಗೆ, ಅಂದರೆ ನೀವು ತಲುಪದಿದ್ದರೆ ಅಧಿಕಾರಿಗಳಿಗೆ ತಿಳಿಸಲು ಒಪ್ಪಿಕೊಂಡವರಿಗೆ, ತಕ್ಷಣ ಫೋನ್ ಮಾಡಿ. ಬೇರೆ ದ್ವೀಪದಲ್ಲಿ ಇಳಿದಿದ್ದರಂತೂ ಮೊದಲ ಕೆಲಸ ಅದೇ. ನೀವು ಟೀ ಕುಡಿಯುತ್ತಾ ಕೂತಿರುವಾಗ ಹೆಲಿಕಾಪ್ಟರ್ ನಿಮ್ಮನ್ನು ಸಮುದ್ರದಲ್ಲಿ ಹುಡುಕುವಂತಾಗಬಾರದು, ಅಲ್ವಾ?

ಬ್ಯಾರಾದಲ್ಲಿ ಇಳಿದಿದ್ದರೆ ವಿಮಾನವನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಯಬೇಕು. ಎಲ್ಲಿ ತೊಳೆಯಬಹುದು ಅಂತ ಮುಂದಿನ ನಿಲ್ದಾಣದವರನ್ನು ಅನುಮತಿ ಕೇಳುವಾಗಲೇ ಕೇಳಿಟ್ಟುಕೊಳ್ಳಿ. ಚಕ್ರದ ಕವಚದ ಒಳಗೆ, ಬ್ರೇಕಿನ ಸುತ್ತ, ಹೊಟ್ಟೆಯ ಕೆಳಗೆ, ಫ್ಲಾಪ್‌ನ ಹಳಿಗಳಲ್ಲಿ ಮರಳು ಕೂತಿರುತ್ತದೆ. ಮೇಲೆ ಮೇಲೆ ತೊಳೆದರೆ ಸಾಲದು, ಬಗ್ಗಿ ನೋಡಿ ತೊಳೆಯಿರಿ. ಕ್ಲಬ್ಬಿಗೆ ವಿಮಾನ ಮರಳಿಸುವಾಗ ಮರಳಿನ ಮೇಲೆ ಇಳಿಸಿದ್ದನ್ನು ಮೆಕ್ಯಾನಿಕ್‌ಗೆ ಬಾಯಲ್ಲಿ ಹೇಳುವುದಷ್ಟೇ ಅಲ್ಲ, ವಿಮಾನದ ಟೆಕ್ ಲಾಗ್‌ನಲ್ಲೂ, ಅಂದರೆ ಹಾರಾಟ, ದೋಷಗಳನ್ನು ಬರೆದಿಡುವ ಪುಸ್ತಕದಲ್ಲೂ, ಬರೆಯಿರಿ.